ಆಯೋಗಗಳ ಕಡತದಲ್ಲಿ ಪಶ್ಚಿಮ ತಾಲ್ಲೂಕುಗಳು

ಬಳ್ಳಾರಿಯ ಕಚೇರಿಗಳಲ್ಲಿ 'ಪಶ್ಚಿಮ ತಾಲ್ಲೂಕುಗಳು' ಎಂಬ ಮಾತು ಬಹಳ ಹಳೆಯದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಆಮೇಲೆ ಸೇರಿಕೊಂಡ ಹಗರಿಬೊಮ್ಮನಹಳ್ಳಿ ಇವಿಷ್ಟಕ್ಕೆ ಆ ಹೆಸರು. ಕೊಟ್ಟೂರು ಕೂಡ್ಲಿಗಿಯ ಹೊಟ್ಟೆಯೊಳಗೇ ಇತ್ತು. ಪಶ್ಚಿಮ ಎಂದರೆ ಯಾವುದಕ್ಕೆ ಪಶ್ಚಿಮ ಎಂದು ಯಾರೂ ಕೇಳುತ್ತಿರಲಿಲ್ಲ. ಕಲೆಕ್ಟರ ಕಚೇರಿ ಬಳ್ಳಾರಿಯಲ್ಲಿತ್ತು. ಅಲ್ಲಿಂದ ನೋಡಿದರೆ ಇವು ಸೂರ್ಯ ಮುಳುಗುವ ಕಡೆಯ ಊರುಗಳು. ಹೆಸರಿನಲ್ಲೇ ದೂರ ಸೇರಿಕೊಂಡಿದೆ. ಹಡಗಲಿಯ ಮಲ್ಲಿಗೆಯೋ ಕೊಟ್ಟೂರಿನ ತೇರೋ ಮೈಲಾರದ ಕಾರ್ಣಿಕವೋ ನಾಡಿಗೆಲ್ಲ ಗೊತ್ತಿದ್ದರೂ, ಸರ್ಕಾರದ ಲೆಕ್ಕದಲ್ಲಿ ಇವು ಯಾವಾಗಲೂ ಇನ್ನೊಂದು ಊರಿನಿಂದ ಅಳೆದ ಸ್ಥಳಗಳಾಗಿಯೇ ಉಳಿದವು.

ಒಂದು ಊರಿನ ವ್ಯಾಪಾರ, ಬೆಳೆ, ಕೂಲಿ, ವಿದ್ಯೆ ಯಾವ ದಿಕ್ಕಿಗೆ ಹೋಗಬೇಕೆಂದು ನಿರ್ಧರಿಸುವವರು ಯಾರು? ಪುರಸಭೆಯೆಂದು ಪೌರನೀತಿಯ ಪಾಠ ಹೇಳುತ್ತದೆ. ಸಂವಿಧಾನದ 74ನೇ ತಿದ್ದುಪಡಿಯ ಹನ್ನೆರಡನೆಯ ಅನುಸೂಚಿಯಲ್ಲೂ ಪಟ್ಟಣಗಳ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಗೆ ಯೋಜನೆ ಹಾಕುವುದು ಪೌರಸಂಸ್ಥೆಗಳ ಕೆಲಸಗಳಲ್ಲೊಂದೆಂದು ಬರೆದಿದೆ. ಆದರೆ ಈ ಐದು ಊರುಗಳ ನೂರೈವತ್ತು ವರ್ಷದ ಚರಿತ್ರೆ ಬೇರೆಯದೇ ಸಂಗತಿ ಹೇಳುತ್ತದೆ. ಇಲ್ಲಿನ ಆರ್ಥಿಕ ಜೀವನದ ದೊಡ್ಡ ತಿರುವುಗಳ ಹಿಂದೆಲ್ಲ ಒಂದಲ್ಲ ಒಂದು ಆಯೋಗ ಇದೆ. ಕೆಲವು ಆಯೋಗಗಳು ಈ ಊರುಗಳನ್ನು ಕಂಡವು, ಕೆಲವು ಕಾಣಲೇ ಇಲ್ಲ. ಕಂಡದ್ದರಷ್ಟೇ ಕಾಣದ್ದೂ ಪರಿಣಾಮ ಬೀರಿತು.

ಮೊದಲನೆಯದು ಬರದ ಆಯೋಗ. 1800ರಲ್ಲಿ ನಿಜಾಮನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಈ ಭಾಗವೂ ಸೇರಿತ್ತು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದು ರೈತವಾರಿ ಕಂದಾಯದ ಬುನಾದಿ ಹಾಕಿದ. ಪಾಳೆಯಗಾರರ ಕಾಲ ಮುಗಿಯಿತು, ಕಂದಾಯದ ಕಾಲ ಬಂತು. ಕಂದಾಯ ಬರಬೇಕಾದರೆ ಮಳೆ ಬರಬೇಕು. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 78ರವರೆಗೆ, ಮಳೆ ಕೈಕೊಟ್ಟಿತು. ಮದರಾಸು ಪ್ರಾಂತದಲ್ಲಿ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. 1871ರ ಮತ್ತು 1881ರ ಖಾನೇಸುಮಾರಿಗಳ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಲ್ಲವಾಗಿತ್ತು.

ಈ ಬರದ ವಿಚಿತ್ರವೆಂದರೆ ಧಾನ್ಯವೇ ಇರಲಿಲ್ಲವೆಂದಲ್ಲ. ಬರಕ್ಕೆ ಕೆಲವೇ ವರ್ಷ ಮುಂಚೆ ಬಳ್ಳಾರಿಯವರೆಗೆ ರೈಲು ಬಂದಿತ್ತು. ಮೂಟೆಗಳು ಸ್ಟೇಷನ್ನಿಗೆ ಬಂದು ಬೀಳುತ್ತಿದ್ದವು. ಅಲ್ಲಿಂದ ಮುಂದೆ ಒಳನಾಡಿಗೆ ಸಾಗಿಸಬೇಕಾದದ್ದು ಎತ್ತಿನ ಬಂಡಿ. ಮೇವಿಲ್ಲದೆ ಎತ್ತುಗಳು ಸಾಯುತ್ತಿದ್ದವು. ಸ್ಟೇಷನ್ನಿನಿಂದ ದೂರವಾದಷ್ಟೂ ಕಾಳಿನ ಬೆಲೆ ಏರುತ್ತಿತ್ತು. ಎಲ್ಲಕ್ಕಿಂತ ದೂರ ಇದ್ದದ್ದು ಪಶ್ಚಿಮ ತಾಲ್ಲೂಕುಗಳು. ಇದರ ಮೇಲೆ ಕೂಲಿಯ ಪ್ರಶ್ನೆ. ವೈಸರಾಯನ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರದ ಕಾಮಗಾರಿಗಳಲ್ಲಿ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯ ಮೇಲೆ ಚಿಲ್ಲರೆ ಕಾಸು ಸೇರಿಸಿ ಕೊಟ್ಟರೆ ಸಾಕೆಂದ. ಮದರಾಸಿನ ನೈರ್ಮಲ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್, ಆ ಅಳತೆಯಲ್ಲಿ ಉಂಡು ಕಲ್ಲು ಒಡೆಯುವವನು ಬದುಕುವುದಿಲ್ಲವೆಂದು ವಾದಿಸಿದ. ಕಾಗದದ ಮೇಲಿನ ಈ ವಾದ ನಡೆಯುತ್ತಿದ್ದಾಗ ಜನ ಸಾಯುತ್ತಿದ್ದರು.

ಬರ ಮುಗಿದ ಮೇಲೆ ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಆಯೋಗ ಕುಳಿತು 1880ರಲ್ಲಿ ವರದಿ ಕೊಟ್ಟಿತು. ಮರುವರ್ಷ ಮೈಸೂರಿನ ದಿವಾನರಾದ ಸಿ. ರಂಗಾಚಾರ್ಲು ಅದರ ಸದಸ್ಯರಲ್ಲೊಬ್ಬರು. ಬರದ ಸಂಹಿತೆ ಎಂಬ ನಿಯಮಾವಳಿ ಹುಟ್ಟಿದ್ದು ಈ ವರದಿಯಿಂದ: ಯಾವ ಲಕ್ಷಣ ಕಂಡಾಗ ಬರ ಘೋಷಿಸಬೇಕು, ಯಾವ ಕಾಮಗಾರಿ ತೆರೆಯಬೇಕು, ಎಷ್ಟು ಕೂಲಿ ಕೊಡಬೇಕು. ಇಂದಿಗೂ ನಮ್ಮ ತಹಸೀಲ್ದಾರರು ಮಳೆಯ ಕೊರತೆಯನ್ನು ಮಿಲಿಮೀಟರಿನಲ್ಲಿ ಬರೆದು ಮೇಲಕ್ಕೆ ಕಳಿಸುವ ಪದ್ಧತಿಯ ಬೇರು ಅಲ್ಲಿದೆ. ಇನ್ನೊಂದು ಶಿಫಾರಸು ರೈಲಿನದು. ಲಾಭಕ್ಕಲ್ಲದೆ ಬರದಿಂದ ಕಾಪಾಡುವುದಕ್ಕೆಂದೇ ಹಳಿ ಹಾಕಬೇಕೆಂಬ ವಿಚಾರಕ್ಕೆ ಬಲ ಬಂದದ್ದು ಹೀಗೆ. ಸದರ್ನ್ ಮರಾಠಾ ಕಂಪನಿಯ ಹಳಿ 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆ ದಾಟಿ ಗದಗಿಗೆ ಹೋಯಿತು. 20ನೇ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಒಂದು ಕವಲು ಒಡೆದು ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ಬಂದು ನಿಂತಿತು.

ಆ ನಿಂತದ್ದರಲ್ಲೇ ಕೊಟ್ಟೂರಿನ ಅದೃಷ್ಟ ಇತ್ತು. ಹಳಿ ಕೊನೆಯಾಗುವ ಊರಿಗೆ ಸುತ್ತಲಿನ ಬಂಡಿಗಳೆಲ್ಲ ಬರಲೇಬೇಕು. ಕೂಡ್ಲಿಗಿ ತಾಲ್ಲೂಕು ಕೇಂದ್ರವಾಗಿದ್ದರೂ ವ್ಯಾಪಾರದ ಊರು ಕೊಟ್ಟೂರೇ. ಹತ್ತಿ, ಶೇಂಗಾ, ಜೋಳ, ಕುರುಬರು ನೇಯ್ದ ಕಂಬಳಿ ಇವುಗಳಿಗೆ ದಾರಿ ಸಿಕ್ಕಿತು. ಕಚೇರಿ ಒಂದೂರಲ್ಲಿ, ಪೇಟೆ ಇನ್ನೊಂದೂರಲ್ಲಿ ಎಂಬ ಈ ಒಡಕು ನೂರು ವರ್ಷ ಮುಂದುವರಿದು, ಕೊನೆಗೆ 2018ರಲ್ಲಿ ಕೊಟ್ಟೂರು ಬೇರೆ ತಾಲ್ಲೂಕಾಗುವುದರಲ್ಲಿ ಮುಗಿಯಿತು. ಹಡಗಲಿಗೂ ಕೂಡ್ಲಿಗಿಗೂ ಇಂದಿಗೂ ರೈಲಿಲ್ಲ. ಕೊಟ್ಟೂರಿನಿಂದ ಹರಪನಹಳ್ಳಿಯ ಮೂಲಕ ಹರಿಹರಕ್ಕೆ ಹಳಿ ಜೋಡಿಸುವ ಕೆಲಸ ಮುಗಿಯುವ ಹೊತ್ತಿಗೆ 2010ರ ದಶಕ ಬಂದಿತ್ತು. ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡಾಡತೊಡಗಿದ್ದು 2019ರಲ್ಲಿ.

1928ರಲ್ಲಿ ವರದಿ ಕೊಟ್ಟ ಕೃಷಿಯ ರಾಯಲ್ ಕಮಿಷನ್ ಬಗ್ಗೆ ಎರಡು ಮಾತು ಸಾಕು. ತೂಕದಲ್ಲಿ, ದಲಾಲಿಯಲ್ಲಿ, ಧರ್ಮದ ಹೆಸರಿನ ಕಡಿತಗಳಲ್ಲಿ ರೈತ ಕಳೆದುಕೊಳ್ಳುವುದನ್ನು ತಡೆಯಲು ನಿಯಂತ್ರಿತ ಮಾರುಕಟ್ಟೆ ಬೇಕೆಂದು ಅದು ಹೇಳಿತು. ಮದರಾಸು ಸರ್ಕಾರ 1933ರಲ್ಲಿ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ ಮಾಡಿತು. ಮುಂದೆ 1966ರ ಕರ್ನಾಟಕದ ಕಾಯ್ದೆಯಿಂದ ಬಂದ ಎ.ಪಿ.ಎಂ.ಸಿ. ಯಾರ್ಡುಗಳು ಅದೇ ವಿಚಾರದ ಮೊಮ್ಮಕ್ಕಳು. ಕೊಟ್ಟೂರು, ಹರಪನಹಳ್ಳಿಗಳಲ್ಲಿ ಸುಗ್ಗಿಯ ಕಾಲಕ್ಕೆ ಮೆಕ್ಕೆಜೋಳದ ರಾಶಿಗಳನ್ನು ನೋಡಿದವರಿಗೆ, ಪುರಸಭೆಗಿಂತ ಮಾರುಕಟ್ಟೆ ಸಮಿತಿಯ ಮಾತೇ ಊರಿನಲ್ಲಿ ಹೆಚ್ಚು ನಡೆಯುವುದೇಕೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಗಡಿಯ ಆಯೋಗಗಳು. ಬಳ್ಳಾರಿ ಯಾರದು ಎಂಬ ಜಗಳ ಕಾಂಗ್ರೆಸ್ಸಿನೊಳಗೆ 1921ರ ಕೇಳ್ಕರ್ ತೀರ್ಪಿನ ಕಾಲದಿಂದಲೂ ಇತ್ತು. ಆಂಧ್ರ ರಾಜ್ಯ ರಚನೆಯಾಗುವುದೆಂದು 1952ರ ಡಿಸೆಂಬರಿನಲ್ಲಿ ಪ್ರಧಾನಿ ನೆಹರೂ ಘೋಷಿಸಿದಾಗ ಅದು ತುತ್ತತುದಿಗೇರಿತು. ನ್ಯಾಯಮೂರ್ತಿ ವಾಂಛೂ ವರದಿಯ ನಂತರ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗುವುದೆಂದಾಯಿತು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರ ಅವರಿಗೆ ಒಪ್ಪಿಸಲಾಯಿತು. ಅವರು ಅದು ಮೈಸೂರಿಗೆ ಸೇರಬೇಕೆಂದರು. 1953ರ ಅಕ್ಟೋಬರ್ 1ರಂದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪ, ಬಳ್ಳಾರಿ ಈ ಏಳು ತಾಲ್ಲೂಕುಗಳೂ ಮಲ್ಲಾಪುರ ಉಪತಾಲ್ಲೂಕೂ ಮೈಸೂರು ರಾಜ್ಯಕ್ಕೆ ಬಂದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಗಲಾಟೆಯಲ್ಲೆಲ್ಲ ಪಶ್ಚಿಮ ತಾಲ್ಲೂಕುಗಳ ಹೆಸರು ಬಂದದ್ದು ಪಟ್ಟಿಯಲ್ಲಿ ಮಾತ್ರ. ಅವು ಕನ್ನಡದವೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸಂಶಯವಿಲ್ಲದ್ದರಿಂದ ಚರ್ಚೆಯಿಲ್ಲ, ಚರ್ಚೆಯಿಲ್ಲದ್ದರಿಂದ ಯಾರೂ ಅಲ್ಲಿಗೆ ಹೋಗಿ ನಿಮ್ಮ ಪೇಟೆ ಯಾವುದು, ನಿಮ್ಮ ಆಸ್ಪತ್ರೆ ಯಾವುದು, ನಿಮ್ಮ ನೀರು ಎಲ್ಲಿಯದು ಎಂದು ಕೇಳುವ ಕಾರಣ ಹುಟ್ಟಲಿಲ್ಲ. ಜಗಳವಿರುವ ಕಡೆಯೇ ಆಯೋಗಗಳ ಕಣ್ಣು. ಬಳ್ಳಾರಿ ಪಟ್ಟಣದ ಒಂದೊಂದು ಬೀದಿಯ ಭಾಷೆಯೂ ಲೆಕ್ಕಕ್ಕೆ ಬಂದ ಕಾಲದಲ್ಲಿ ಕೂಡ್ಲಿಗಿಯ ಕೆರೆಗಳು ಲೆಕ್ಕಕ್ಕೆ ಬರಲಿಲ್ಲ.

ರಾಜ್ಯ ಪುನರ್ವಿಂಗಡಣಾ ಆಯೋಗದ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಈ ಮೂವರು 1955ರ ಸೆಪ್ಟೆಂಬರ್ ಕೊನೆಗೆ ವರದಿ ಕೊಟ್ಟರು. ಎರಡೇ ವರ್ಷದ ಹಿಂದೆ ತೀರ್ಮಾನವಾಗಿದ್ದ ಬಳ್ಳಾರಿಯನ್ನು ಅವರು ಮತ್ತೆ ತೆರೆದರು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳು ಹಾಗೂ ಅಣೆಕಟ್ಟೆಯಿರುವ ಮಲ್ಲಾಪುರ ಉಪತಾಲ್ಲೂಕಿನ ಚೂರು ಭಾಗ ಆಂಧ್ರಕ್ಕೆ ಹೋಗಲಿ ಎಂಬುದು ಅವರ ಶಿಫಾರಸು. ಭಾಷೆಗಿಂತ ಆರ್ಥಿಕ ಸಂಬಂಧಕ್ಕೆ, ಅಂದರೆ ತುಂಗಭದ್ರಾ ಯೋಜನೆಯ ನೀರನ್ನು ನಂಬಿದ ರಾಯಲಸೀಮೆಯ ಹಿತಕ್ಕೆ, ತೂಕ ಹೆಚ್ಚು ಎಂಬುದು ಅವರ ತರ್ಕ. ತರ್ಕದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಅದೇ ಆರ್ಥಿಕ ಸಂಬಂಧದ ಮಾತನ್ನು ಪಶ್ಚಿಮದ ಕಡೆಯಿಂದ ಕೇಳಿದ್ದರೆ? ಹೊಸಪೇಟೆಯೂ ಹೋಗಿ, ಬಳ್ಳಾರಿಯೂ ಹೋಗಿ, ಉಳಿದ ಹಡಗಲಿ–ಕೂಡ್ಲಿಗಿ–ಹರಪನಹಳ್ಳಿಗಳಿಗೆ ರೈಲಿನ ಬಾಯಿ ಒಂದು ರಾಜ್ಯದಲ್ಲಿ, ಬಾಲ ಇನ್ನೊಂದು ರಾಜ್ಯದಲ್ಲಿ ಆಗುತ್ತಿತ್ತು. ಕನ್ನಡ ನಾಡಿನಲ್ಲಿ ಪ್ರತಿಭಟನೆ ಎದ್ದಿತು. ಕೇಂದ್ರ ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ. 1956ರಲ್ಲಿ ಗಡಿ ಇದ್ದಲ್ಲಿಯೇ ಉಳಿಯಿತು.

ಅಣೆಕಟ್ಟೆಯ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲಬೇಕು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯ ಸುಮಾರು 378 ಚದರ ಕಿಲೊಮೀಟರ್ ಹರಡಿಕೊಂಡಿದೆ. ಸುಮಾರು 90 ಹಳ್ಳಿಗಳು ಅದರಲ್ಲಿ ಮುಳುಗಿದವು. ನೀರು ನಿಂತದ್ದು ಪಶ್ಚಿಮ ತಾಲ್ಲೂಕುಗಳ ಮಗ್ಗುಲಿಗೆ. ಹರಿದದ್ದು ಎಡದಂಡೆಯಲ್ಲಿ ರಾಯಚೂರಿನ ಕಡೆಗೆ, ಬಲದಂಡೆಯಲ್ಲಿ ಬಳ್ಳಾರಿ, ಸಿರುಗುಪ್ಪ ಮತ್ತು ಆಂಧ್ರದ ಕಡೆಗೆ. ಕಟ್ಟೆಯ ಹಿಂದೆ, ಎತ್ತರದಲ್ಲಿರುವ ನೆಲಕ್ಕೆ ಕಾಲುವೆ ಹತ್ತುವುದಿಲ್ಲ. ಇದರಲ್ಲಿ ಯಾರ ಕುತಂತ್ರವೂ ಇಲ್ಲ, ನೀರು ಇಳಿಜಾರಿಗೆ ಹರಿಯುತ್ತದೆ ಅಷ್ಟೆ. ಆದರೆ ಮುಳುಗುವ ಪಾಲು ಒಬ್ಬರಿಗೆ, ಬೆಳೆಯುವ ಪಾಲು ಮತ್ತೊಬ್ಬರಿಗೆ ಆಯಿತು. ಮಲ್ಲಾಪುರ ಉಪತಾಲ್ಲೂಕಿನ ಹೆಸರು ಕಾಗದದಿಂದ ಮರೆಯಾಯಿತು, ಹಗರಿಬೊಮ್ಮನಹಳ್ಳಿ ತಾಲ್ಲೂಕಾಯಿತು. ನೀರು ಬೇಕೆಂದರೆ ಮೇಲಕ್ಕೆ ಎತ್ತಬೇಕು ಎಂಬ ಸರಳ ಸತ್ಯ ಯೋಜನೆಯಾಗಿ ಬರಲು ದಶಕಗಳು ಬೇಕಾದವು. ಹಡಗಲಿಯ ಕಡೆಗೂ ಮುಂಡರಗಿಯ ಕಡೆಗೂ ನೀರು ಕೊಡಬೇಕೆಂಬ ಸಿಂಗಟಾಲೂರು ಏತ ನೀರಾವರಿ, ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರೆಯಿಂದ ನೀರು ತುಂಬಿಸುವ ಯೋಜನೆ ಇವೆಲ್ಲ ಆ ಬಾಕಿಯ ಕಂತುಗಳು.

ಈಗ ಹರಪನಹಳ್ಳಿಯ ಕಥೆಗೆ ಬರೋಣ. ಇಡೀ ವಿಷಯದ ತಿರುಳು ಅಲ್ಲಿದೆ.

ಹರಪನಹಳ್ಳಿಯಿಂದ ದಾವಣಗೆರೆ ಸುಮಾರು 50 ಕಿಲೊಮೀಟರ್. ಬಳ್ಳಾರಿ 120ಕ್ಕೂ ಮೇಲೆ. ಹರಪನಹಳ್ಳಿಯ ಮೆಕ್ಕೆಜೋಳ, ಹತ್ತಿ ದಾವಣಗೆರೆಗೆ ಹೋಗುತ್ತಿತ್ತು. ರೋಗಿಗಳು ದಾವಣಗೆರೆಯ ಆಸ್ಪತ್ರೆಗೆ, ಮಕ್ಕಳು ದಾವಣಗೆರೆಯ ಕಾಲೇಜಿಗೆ, ಮದುವೆಯ ಜವಳಿಗೂ ದಾವಣಗೆರೆಗೆ. ಕಚೇರಿಯ ಕಾಗದ ಮಾತ್ರ ಬಳ್ಳಾರಿಗೆ. ಒಂದು ಸಹಿಗಾಗಿ ಇಡೀ ದಿನ ಬಸ್ಸಿನಲ್ಲಿ ಕಳೆಯಬೇಕಾಗಿತ್ತು. ಜಿಲ್ಲೆಗಳನ್ನು ಚಿಕ್ಕದು ಮಾಡಬೇಕೆಂಬ ವಿಚಾರಕ್ಕೆ 1980ರ ದಶಕದಲ್ಲಿ ವಾಸುದೇವರಾವ್ ಆಯೋಗ, ಹುಂಡೇಕಾರ್ ಸಮಿತಿ, ಬಳಿಕ ಗದ್ದಿಗೌಡರ ಸಮಿತಿ ಹೀಗೆ ಒಂದರ ಮೇಲೊಂದು ಬಂದವು. 1997ರ ಆಗಸ್ಟಿನಲ್ಲಿ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ಮಾಡಿದಾಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿತು. ಪೇಟೆಯ ದಾರಿ, ಕಚೇರಿಯ ದಾರಿ ಒಂದೇ ಆಯಿತು. ಜಿಲ್ಲೆ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಇರಲಾರದು ಎಂದೇ ಅಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಆ ಗೆರೆಯ ಜೊತೆಗೆ ಇನ್ನೊಂದು ಗೆರೆಯೂ ದಾಟಿಹೋಗಿತ್ತು. ಬಳ್ಳಾರಿ ಜಿಲ್ಲೆ ಗುಲ್ಬರ್ಗಾ ಕಂದಾಯ ವಿಭಾಗದಲ್ಲಿತ್ತು. ದಾವಣಗೆರೆ ಬೆಂಗಳೂರು ವಿಭಾಗದಲ್ಲಿ. 1990ರ ದಶಕದ ಆರಂಭದಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಚನೆಯಾದಾಗ, ನಿಜಾಮನ ಆಡಳಿತದಿಂದ 1800ರಲ್ಲೇ ಹೊರಬಂದಿದ್ದ ಬಳ್ಳಾರಿಯನ್ನೂ ಅದರಲ್ಲಿ ಸೇರಿಸಲಾಗಿತ್ತು. ಚರಿತ್ರೆಯ ಪ್ರಕಾರ ಸರಿಯೋ ತಪ್ಪೋ, ಬಡತನದ ಪ್ರಕಾರ ಸರಿಯೇ. 1997ರಲ್ಲಿ ಹರಪನಹಳ್ಳಿ ಆ ಮಂಡಳಿಯ ವ್ಯಾಪ್ತಿಯಿಂದ ಹೊರಗೆ ಬಿತ್ತು. ಆಗ ಮಂಡಳಿಯ ಹಣವೇ ಕಡಿಮೆ. ಹೋದದ್ದರ ಬೆಲೆ ಯಾರಿಗೂ ತಿಳಿಯಲಿಲ್ಲ.

ಬೆಲೆ ತಿಳಿದದ್ದು ಎರಡು ಹಂತದಲ್ಲಿ. 2000ದಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ ರಚಿಸಿತು. 2002ರ ಜೂನಿನಲ್ಲಿ ಬಂದ ಅದರ ವರದಿ ಕರ್ನಾಟಕದ ಅಭಿವೃದ್ಧಿ ಚಿಂತನೆಯಲ್ಲಿ ಒಂದು ಹೊಸ ಹೆಜ್ಜೆ. ಅದುವರೆಗೆ ಹಿಂದುಳಿದದ್ದು ಎಂದರೆ ಜಿಲ್ಲೆ ಅಥವಾ ಸೀಮೆ. ನಂಜುಂಡಪ್ಪನವರು ಲೆಕ್ಕವನ್ನು ತಾಲ್ಲೂಕಿಗೆ ಇಳಿಸಿದರು. ಕೃಷಿ, ಕೈಗಾರಿಕೆ ಮತ್ತು ಹಣಕಾಸು, ಮೂಲಸೌಕರ್ಯ, ಶಿಕ್ಷಣ–ಆರೋಗ್ಯ, ಜನಸಂಖ್ಯೆಯ ಸ್ವರೂಪ ಹೀಗೆ ಒಟ್ಟು 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳಿಗೂ ಒಂದೊಂದು ಅಂಕ ಕೊಟ್ಟರು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡರೆ ಅದಕ್ಕಿಂತ ಕೆಳಗಿದ್ದವು 114. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಕೂಡ್ಲಿಗಿ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿತ್ತು. ಹರಪನಹಳ್ಳಿಯೂ. ಹಡಗಲಿ, ಹಗರಿಬೊಮ್ಮನಹಳ್ಳಿ ಅತಿ ಹಿಂದುಳಿದವು. ಬಳ್ಳಾರಿ, ಹೊಸಪೇಟೆ ಮಾತ್ರ ಸಾಪೇಕ್ಷವಾಗಿ ಮುಂದುವರಿದವು. ಒಂದೇ ಜಿಲ್ಲೆಯೊಳಗೆ, ಕಾಲುವೆಯ ಮತ್ತು ಕಬ್ಬಿಣದ ಅದಿರಿನ ಊರುಗಳು ಒಂದು ಕಡೆ, ಮಳೆಯಾಧಾರದ ಊರುಗಳು ಇನ್ನೊಂದು ಕಡೆ ಎಂಬುದು ಮೊದಲ ಸಲ ಅಂಕಿಯಲ್ಲಿ ಕಂಡಿತು. 'ಬಳ್ಳಾರಿ ಶ್ರೀಮಂತ ಜಿಲ್ಲೆ' ಎಂಬ ಹೊರಗಿನವರ ಮಾತಿಗೆ ಅದಿರಿನ ಲಾರಿಗಳು ಕಾರಣ. ಗುಳೆ ಹೋಗುವವರನ್ನು ತುಂಬಿಕೊಂಡು ತಾಂಡಾಗಳಿಂದ ಮಲೆನಾಡಿನ ಕಾಫಿ ತೋಟಗಳ ಕಡೆಗೂ ಕಬ್ಬಿನ ಗದ್ದೆಗಳ ಕಡೆಗೂ ಹೊರಡುವ ಲಾರಿಗಳನ್ನು ಅವರು ಕಂಡಿರಲಿಲ್ಲ. ಅಸಮತೋಲನ ಸರಿಪಡಿಸಲು ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಬೇಕೆಂದು ಸಮಿತಿ ಲೆಕ್ಕ ಹಾಕಿತು. ಅದರಲ್ಲಿ 16,000 ಕೋಟಿ ಹೆಚ್ಚುವರಿ ಹಣ. ವಿಶೇಷ ಅಭಿವೃದ್ಧಿ ಯೋಜನೆ ಎಂಬ ಹೆಸರಿನಲ್ಲಿ ಅದು ಜಾರಿಗೆ ಬರತೊಡಗಿದ್ದು 2007–08ರಿಂದ. ನಂಜುಂಡಪ್ಪನವರು ಅದನ್ನು ನೋಡಲು ಉಳಿದಿರಲಿಲ್ಲ, 2005ರಲ್ಲಿ ತೀರಿಕೊಂಡಿದ್ದರು.

ಎರಡನೆಯ ಹಂತ ಸಂವಿಧಾನದ 371(ಜೆ) ವಿಧಿ. 98ನೇ ತಿದ್ದುಪಡಿಯ ಮೂಲಕ 2012ರ ಡಿಸೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು 2013ರಲ್ಲಿ ಜಾರಿಗೆ ಬಂದ ಈ ವಿಧಿ, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಈ ಆರು ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಟ್ಟಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು, ರಾಜ್ಯದ ಉಳಿದ ಕಡೆ ನೂರಕ್ಕೆ 8. ಸರ್ಕಾರಿ ನೌಕರಿಗಳಲ್ಲಿ ದರ್ಜೆಗೆ ತಕ್ಕಂತೆ ನೂರಕ್ಕೆ 75ರಿಂದ 85ರವರೆಗೆ. ಹರಪನಹಳ್ಳಿ ಆರು ಜಿಲ್ಲೆಗಳ ಪಟ್ಟಿಯಲ್ಲಿಲ್ಲ. 1997ರ ಗೆರೆ ಈಗ ಗೋಡೆಯಾಯಿತು.

ಇದರ ಅರ್ಥವನ್ನು ಹೀಗೆ ನೋಡಬಹುದು. ಕೂಡ್ಲಿಗಿ ತಾಲ್ಲೂಕಿನ ಕೊನೆಯ ಹಳ್ಳಿಗೂ ಹರಪನಹಳ್ಳಿ ತಾಲ್ಲೂಕಿನ ಮೊದಲ ಹಳ್ಳಿಗೂ ನಡುವೆ ಒಂದು ಬದು. ಎರಡೂ ಕಡೆ ಅದೇ ಕೆಂಪು ಮಣ್ಣು, ಅದೇ ಮಳೆ, ನಂಜುಂಡಪ್ಪ ವರದಿಯಲ್ಲಿ ಎರಡಕ್ಕೂ ಒಂದೇ ಪಟ್ಟಿ. ಬದುವಿನ ಈಚೆಯ ರೈತನ ಮಗಳಿಗೆ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಸೀಟಿನಲ್ಲಿ ಮೀಸಲು ಪಾಲು ಉಂಟು. ಆಚೆಯ ರೈತನ ಮಗಳಿಗೆ ಇಲ್ಲ. ಅವಳ ಅಪ್ಪ ಬೆಳೆದ ಮೆಕ್ಕೆಜೋಳ ದಾವಣಗೆರೆಗೆ ಹೋಗುತ್ತದೆಂಬುದೇ ಅವಳಿಗೆ ಮುಳುವಾಯಿತು. ಊರಿನ ಆರ್ಥಿಕ ಸಂಬಂಧವನ್ನು ಗೌರವಿಸಿ ಎಳೆದ ಗೆರೆಯಿಂದ ಊರಿಗೆ ನಷ್ಟವಾಯಿತೆಂಬುದು ಈ ಪ್ರಕರಣದ ವ್ಯಂಗ್ಯ.

ಬಂದ್, ಧರಣಿ, ಪಾದಯಾತ್ರೆಗಳು ನಡೆದವು. ಜಿಲ್ಲೆಗಾಗಿ ಜನ ಬೀದಿಗಿಳಿಯುವುದು ಹೊಸತಲ್ಲ, ಆದರೆ ಹತ್ತಿರದ ಜಿಲ್ಲೆಯನ್ನು ಬಿಟ್ಟು ದೂರದ ಜಿಲ್ಲೆಗೆ ಸೇರಿಸಿ ಎಂದು ಕೇಳಿದ್ದು ಅಪರೂಪ. 2013ರಿಂದ 2018ರವರೆಗೆ ಶಾಸಕರಾಗಿದ್ದ ಎಂ.ಪಿ. ರವೀಂದ್ರ ಈ ಬೇಡಿಕೆಯನ್ನು ಹಿಡಿದು ನಡೆಸಿದವರು. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿ ಜಿಲ್ಲೆಗೆ ಬಂದು 371(ಜೆ) ವ್ಯಾಪ್ತಿಗೆ ಸೇರಿತು. ರವೀಂದ್ರ ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ಪೇಟೆ ಮತ್ತು ಆಸ್ಪತ್ರೆಯ ಬಸ್ಸುಗಳು ಮೊದಲಿನಂತೆಯೇ ದಾವಣಗೆರೆಗೆ ಓಡುತ್ತಿದ್ದವು, ಇಂದೂ ಓಡುತ್ತವೆ.

2021ರಲ್ಲಿ ಇನ್ನೊಂದು ತಿರುವು. ಬಳ್ಳಾರಿ ಜಿಲ್ಲೆಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಲಾಯಿತು. ಹೊಸಪೇಟೆ ಜಿಲ್ಲಾಕೇಂದ್ರ; ಅದರ ಜೊತೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ರಾಜ್ಯದ 31ನೆಯ ಜಿಲ್ಲೆ. ಹಳೆಯ ಪಶ್ಚಿಮ ತಾಲ್ಲೂಕುಗಳೆಲ್ಲ ಒಂದೇ ಮನೆಗೆ ಬಂದವು. ಹೊಸಪೇಟೆ ಈ ಮನೆಯ ಒಂದು ಮೂಲೆಯಲ್ಲಿದೆ, ಹರಪನಹಳ್ಳಿ ಇನ್ನೊಂದು ಮೂಲೆಯಲ್ಲಿ. ನಡುವಿನ ಊರನ್ನು ಕೇಂದ್ರ ಮಾಡಬೇಕಿತ್ತೆಂಬ ಮಾತು ಇತ್ತು. ಆದರೆ ಉಕ್ಕು, ಹಂಪೆ, ಅಣೆಕಟ್ಟೆ, ರೈಲು ಎಲ್ಲ ಇರುವ ಊರನ್ನು ಬಿಟ್ಟು ಕೇಂದ್ರ ಹುಡುಕುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಹೊಸ ಜಿಲ್ಲೆಗೆ ಸ್ವಂತ ಯೋಜನೆ ಮಾಡುವ ಹಕ್ಕುಂಟು. ಸಂವಿಧಾನದ 243(ಜ಼ೆಡ್‌ಡಿ) ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯಿತಿ ಮತ್ತು ಪೌರಸಂಸ್ಥೆಗಳ ಚುನಾಯಿತ ಸದಸ್ಯರು ತಮ್ಮೊಳಗಿಂದ ಆರಿಸಬೇಕು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಪುರಸಭೆಗಳೂ ಕೊಟ್ಟೂರು, ಕೂಡ್ಲಿಗಿ ಪಟ್ಟಣ ಪಂಚಾಯಿತಿಗಳೂ ತಮ್ಮ ಊರಿನ ಮಾತನ್ನು ಹೇಳಬೇಕಾದ ಜಾಗ ಅದು. ಹೊಸ ಜಿಲ್ಲೆ ಹುಟ್ಟಿದ ವರ್ಷವೇ ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಸಮಿತಿಗೆ ಸದಸ್ಯರನ್ನು ಕಳಿಸಬೇಕಾದ ಮನೆಯೇ ಖಾಲಿ. ಪುರಸಭೆಗಳ ಕೈಯಲ್ಲಿರುವುದು ಮನೆ ಕಂದಾಯ, ಮಳಿಗೆಗಳ ಬಾಡಿಗೆ, ಸಂತೆಯ ಸುಂಕ. ಅದರಲ್ಲಿ ಬೀದಿದೀಪ ಮತ್ತು ಕುಡಿಯುವ ನೀರಿನ ಮೋಟಾರಿನ ವಿದ್ಯುತ್ ಬಿಲ್ಲು ಕಟ್ಟುವಷ್ಟರಲ್ಲಿ ಆರ್ಥಿಕ ಅಭಿವೃದ್ಧಿಯ ಮಾತು ಸಭೆಯ ಕೊನೆಗೆ ಹೋಗಿರುತ್ತದೆ. ಹೀಗಾಗಿ ಊರಿನ ಪೇಟೆ ಯಾವ ಕಡೆ ಬೆಳೆಯಬೇಕು, ಶೈತ್ಯಾಗಾರ ಹಡಗಲಿಯ ಮಲ್ಲಿಗೆಗೋ ಹಗರಿಬೊಮ್ಮನಹಳ್ಳಿಯ ದಾಳಿಂಬೆಗೋ ಎಂಬ ಪ್ರಶ್ನೆಗೂ ಕಲಬುರಗಿಯಲ್ಲಿರುವ ಮಂಡಳಿಯ ಅಥವಾ ಬೆಂಗಳೂರಿನ ಆದೇಶವೇ ಗತಿ.

ಮಂಡಳಿಯ ಹಣ ಈಗ ಸಣ್ಣದಲ್ಲ. 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರು ಬದಲಿಸಿಕೊಂಡ ಈ ಪ್ರದೇಶಕ್ಕೆ ಈಚಿನ ಮುಂಗಡಪತ್ರಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ತಾಲ್ಲೂಕುಗಳಿಗೆ ಅದನ್ನು ಹಂಚಲು ಆಧಾರವಾಗಿ ಬಂದದ್ದು ನಂಜುಂಡಪ್ಪನವರ 2002ರ ಸೂಚ್ಯಂಕ. ಆ ಸೂಚ್ಯಂಕಕ್ಕೆ ಬಳಸಿದ ಅಂಕಿಗಳು ಮೆಕ್ಕೆಜೋಳ ಈ ನೆಲವನ್ನು ಪೂರ್ತಿ ಆವರಿಸುವುದಕ್ಕೆ ಮುಂಚಿನವು, ಹರಿಹರದ ಹಳಿಗೆ ಮುಂಚಿನವು, ಕೆರೆ ತುಂಬಿಸುವ ಕೊಳವೆಗಳಿಗೆ ಮುಂಚಿನವು. ಕೊಟ್ಟೂರು ಅದರಲ್ಲಿ ಇಲ್ಲವೇ ಇಲ್ಲ. ಕೊಟ್ಟೂರಿನ ಅಂಗಡಿ, ಬ್ಯಾಂಕು, ಕಾಲೇಜು ಎಲ್ಲ ಕೂಡ್ಲಿಗಿಯ ಲೆಕ್ಕದಲ್ಲಿ ಸೇರಿಹೋಗಿವೆ. ಪೇಟೆಯ ಊರಿನ ಅಂಕಿ ಕೂಡಿಸಿಕೊಂಡೂ ಕೂಡ್ಲಿಗಿ ಅತ್ಯಂತ ಹಿಂದುಳಿದ ಪಟ್ಟಿಗೆ ಬಿದ್ದಿತ್ತು ಎಂದ ಮೇಲೆ, ಕೊಟ್ಟೂರನ್ನು ಕಳೆದು ಉಳಿದ ಗುಡೇಕೋಟೆ ಕಡೆಯ ಹಳ್ಳಿಗಳ ನಿಜವಾದ ಸ್ಥಿತಿ ಏನಿದ್ದಿರಬೇಕು!

2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಹೊಸ ಸಮಿತಿ ರಚನೆಯಾಯಿತು. ಎರಡು ದಶಕದ ಹಿಂದೆ 175 ಇದ್ದ ತಾಲ್ಲೂಕುಗಳು ಈಗ 230ನ್ನು ದಾಟಿವೆ. ಹೊಸ ಲೆಕ್ಕದಲ್ಲಿ ಕೊಟ್ಟೂರಿಗೆ ಮೊದಲ ಸಲ ತನ್ನದೇ ಒಂದು ಸಾಲು ಇರಬೇಕು. ಕೂಡ್ಲಿಗಿಗೆ ಕೊಟ್ಟೂರಿಲ್ಲದ ಸಾಲು.